ಕೈಕಾಲಿನ ಗಾಯದಿಂದ ರಕ್ತ ಧಾರೆಯಾಗಿ ಹರಿಯುವಾಗ: ಆಸ್ಪತ್ರೆ ಸೇರುವವರೆಗೆ ನೀವು ಮಾಡಬೇಕಾದ್ದು

ಗೋವಿನಜೋಳದ ರಾಶಿಯ ದಿನಗಳು. ಸಂಜೆ ಏಳರ ಸುಮಾರಿಗೆ ಆಸ್ಪತ್ರೆಯ ಬಾಗಿಲಿಗೆ ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರ್‌ನಲ್ಲಿ ಹಾಸಿದ ತಾಡಪಾಲಿನ ಮೇಲೆ ಇಪ್ಪತ್ತಾರು ವರ್ಷದ ಹುಡುಗ ಮಲಗಿದ್ದ. ರಾಶಿ ಯಂತ್ರದ ಬೆಲ್ಟಿಗೆ ಕಾಲು ಸಿಕ್ಕಿತ್ತು. ಮೊಣಕಾಲಿನ ಕೆಳಗೆ ಬಟ್ಟೆಯ ಗುಡ್ಡೆಯೇ ಇತ್ತು. ಮೇಲಿನ ಟವೆಲ್ ತೆಗೆದೆ, ಅದರಡಿ ಒಂದು ರುಮಾಲು, ಅದರಡಿ ಯಾರದೋ ಸೀರೆಯ ಸೆರಗು, ಎಲ್ಲಕ್ಕಿಂತ ಕೆಳಗೆ ಗೋಣಿಚೀಲದ ತುಂಡು. ನಾಲ್ಕೂ ತೊಯ್ದು ಭಾರವಾಗಿದ್ದವು. ಜೊತೆಗೆ ಐದು ಮಂದಿ ಬಂದಿದ್ದರು. ಒಬ್ಬರು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಒಬ್ಬರು ಗಾಳಿ ಹಾಕುತ್ತಿದ್ದರು, ಒಬ್ಬರು ನೀರು ಕುಡಿಸುತ್ತಿದ್ದರು, ಇನ್ನಿಬ್ಬರು ಕೈ ಹಿಡಿದು ಅಳುತ್ತಿದ್ದರು. ಗಾಯದ ಮೇಲೆ ಯಾರ ಕೈಯೂ ಇರಲಿಲ್ಲ.

ಹುಡುಗ ಉಳಿಯಲಿಲ್ಲ. ಆ ಐವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಗಾಯವನ್ನು ಒತ್ತಿ ಹಿಡಿಯಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿಯಾಗಿ ಇಪ್ಪತ್ತೆರಡು ವರ್ಷ ಕಳೆದಿರುವ ನಾನು ಇದನ್ನು ಬರೆಯುತ್ತಿರುವುದು ಅದಕ್ಕಾಗಿ.

ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಈ ಪಾಠ ಹೇಳಲು ಹೋದಾಗ ನಾನು ಮೊದಲು ಕೇಳುವುದು ಪಂಪ್‌ಸೆಟ್ಟಿನ ಪೈಪಿನ ಬಗ್ಗೆ. ಪೈಪು ಸೀಳಿ ನೀರು ಚಿಮ್ಮಿದರೆ ಏನು ಮಾಡುತ್ತೀರಿ? ಅದರ ಮೇಲೆ ಟವೆಲ್ ಹೊದಿಸಿ ಸುಮ್ಮನೆ ನಿಲ್ಲುತ್ತೀರಾ? ಎಲ್ಲರೂ ನಗುತ್ತಾರೆ. ತೂತಿನ ಮೇಲೆ ಹೆಬ್ಬೆರಳು ಒತ್ತುತ್ತೇವೆ ಎನ್ನುತ್ತಾರೆ. ರಕ್ತನಾಳವೂ ಒಂದು ಪೈಪು. ಬಟ್ಟೆ ರಕ್ತವನ್ನು ಹೀರುತ್ತದೆ, ನಿಲ್ಲಿಸುವುದು ಅದರ ಮೇಲೆ ಬೀಳುವ ಭಾರ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಎಷ್ಟು ಹೊತ್ತು ಸಿಗುತ್ತದೆ?

ನಮ್ಮ ದೇಹದಲ್ಲಿ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 70 ಮಿ.ಲೀ. ರಕ್ತವಿರುತ್ತದೆ. 60 ಕೆ.ಜಿ. ತೂಗುವವರಲ್ಲಿ ನಾಲ್ಕು ಲೀಟರಿಗಿಂತ ತುಸು ಹೆಚ್ಚು. ಅದರಲ್ಲಿ ಮೂರನೇ ಒಂದು ಪಾಲು ಹೋಗುವ ಹೊತ್ತಿಗೆ ರಕ್ತದೊತ್ತಡ ಕುಸಿಯುತ್ತದೆ. 12 ಕೆ.ಜಿ. ತೂಗುವ ಮಗುವಿನ ದೇಹದಲ್ಲಿರುವ ರಕ್ತವೆಲ್ಲ ಸೇರಿದರೂ ಒಂದು ಲೀಟರಿನ ನೀರಿನ ಬಾಟಲಿ ತುಂಬುವುದಿಲ್ಲ. ತೊಡೆಯ ದೊಡ್ಡ ಅಪಧಮನಿ ತುಂಡಾದರೆ ಐದು ನಿಮಿಷದೊಳಗೇ ಪ್ರಾಣ ಹೋಗಬಹುದು. 108 ಎಷ್ಟೇ ವೇಗವಾಗಿ ಬಂದರೂ ಆ ಐದು ನಿಮಿಷ ನಿಮ್ಮದೇ.

ಗಾಯ ಗಂಭೀರವೇ ಎಂದು ತಿಳಿಯಲು ಅಳತೆ ಬೇಕಿಲ್ಲ. ರಕ್ತ ಚಿಮ್ಮುತ್ತಿದ್ದರೆ, ನಲ್ಲಿಯಂತೆ ಎಡೆಬಿಡದೆ ಹರಿಯುತ್ತಿದ್ದರೆ, ಕಟ್ಟಿದ ಬಟ್ಟೆ ತೊಯ್ದು ಸೋರುತ್ತಿದ್ದರೆ, ಕೈಕಾಲಿನ ಭಾಗ ತುಂಡಾಗಿದ್ದರೆ, ಗಾಯಾಳು ಮಂಕಾಗುತ್ತಿದ್ದರೆ ಅದು ಪ್ರಾಣಾಪಾಯ. ನಮ್ಮ ಭಾಗದವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು: ನೆಲದ ಮೇಲೆ ರಕ್ತ ಕಾಣುತ್ತಿಲ್ಲವೆಂದು ಸಮಾಧಾನಪಟ್ಟುಕೊಳ್ಳಬೇಡಿ. ಎರೆಮಣ್ಣು ರಕ್ತವನ್ನು ಕುಡಿದುಬಿಡುತ್ತದೆ, ಕಪ್ಪು ನೆಲದಲ್ಲಿ ಅದರ ಬಣ್ಣವೂ ತಿಳಿಯುವುದಿಲ್ಲ. ದಪ್ಪ ಪ್ಯಾಂಟು, ಗಾಢ ಬಣ್ಣದ ಸೀರೆಗಳೂ ಹಾಗೆಯೇ ಮರೆಮಾಚುತ್ತವೆ. ಬಟ್ಟೆಯನ್ನು ಕತ್ತರಿಸಿ ಅಥವಾ ಹರಿದು ಗಾಯವನ್ನು ಕಣ್ಣಾರೆ ನೋಡಿ. ರಾತ್ರಿಯಾದರೆ ಕಾಲು, ತೊಡೆ, ಬೆನ್ನ ಕೆಳಗೆ ಕೈ ಆಡಿಸಿ ಹಸಿಯಿದೆಯೇ ಎಂದು ಮುಟ್ಟಿ ತಿಳಿದುಕೊಳ್ಳಿ.

ಮೊದಲು ಯಂತ್ರ ನಿಲ್ಲಿಸಿ, ಆಮೇಲೆ ಮುಟ್ಟಿ

ರಾಶಿ ಯಂತ್ರ, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ ಯಾವುದೇ ಇರಲಿ, ಎಂಜಿನ್ ಆರಿಸಿ, ಕೀಲಿ ತೆಗೆದು ಕಿಸೆಯಲ್ಲಿಟ್ಟುಕೊಳ್ಳಿ. ವಿದ್ಯುತ್ ಮೋಟಾರಾದರೆ ಮೇನ್ ಸ್ವಿಚ್ ಇಳಿಸಿ. ಹೆದ್ದಾರಿಯಲ್ಲಾದರೆ ಒಬ್ಬರು ಹಿಂದಕ್ಕೆ ಓಡಿ ಬರುವ ವಾಹನಗಳನ್ನು ತಡೆಯಲಿ. ಹಾವೇರಿಯಿಂದ ಹುಬ್ಬಳ್ಳಿ-ಧಾರವಾಡದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳು ನಿಂತವರಿಗಾಗಿ ನಿಲ್ಲುವುದಿಲ್ಲ.

ಅದೇ ಕ್ಷಣದಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. 112 ಕೂಡ ಆಗುತ್ತದೆ. "ಯಾರಾದರೂ ಫೋನ್ ಮಾಡಿ" ಎಂದು ಕೂಗಿದರೆ ಯಾರೂ ಮಾಡುವುದಿಲ್ಲ, ಒಬ್ಬರನ್ನು ಬೆರಳು ಮಾಡಿ ತೋರಿಸಿ ಹೇಳಿ. ಊರು, ರಸ್ತೆ, ಹತ್ತಿರದ ಗುಡಿ ಅಥವಾ ಬಸ್ ನಿಲ್ದಾಣ, ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ತಿಳಿಸಲಿ. ಹೊಲದ ದಾರಿಯಾದರೆ ಊರ ಅಗಸಿಯಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿ, ಆಂಬುಲೆನ್ಸ್ ದಾರಿ ತಪ್ಪುವುದು ಅಲ್ಲಿಯೇ. ನೀವು ಒಬ್ಬರೇ ಇದ್ದರೆ ಮೊಬೈಲನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ, ಕೈ ಗಾಯದ ಮೇಲಿರಲಿ.

ಕೈಗವಸು ಇದ್ದರೆ ತೊಟ್ಟುಕೊಳ್ಳಿ. ಇಲ್ಲದಿದ್ದರೆ ಗೊಬ್ಬರದ ಅಂಗಡಿಯದೋ ಕಿರಾಣಿ ಅಂಗಡಿಯದೋ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ. ಬಟ್ಟೆಯ ಗಾಯಕ್ಕೆ ತಾಗುವ ಬದಿ ಮಾತ್ರ ಚೀಲಕ್ಕೆ ಮುಟ್ಟದೆ ಸ್ವಚ್ಛವಾಗಿರಲಿ.

ಒತ್ತುವುದು: ಇದನ್ನು ನಿಧಾನವಾಗಿ ಓದಿ

ಗಾಯಾಳುವನ್ನು ಗಟ್ಟಿ ನೆಲದ ಮೇಲೆ ಮಲಗಿಸಿ. ಮನೆಗೆ ಎತ್ತಿ ತಂದು ಹೊರಸಿನ ಮೇಲೆ ಮಲಗಿಸುವ ರೂಢಿ ನಮ್ಮಲ್ಲಿದೆ. ಹೊರಸಿನ ಮೇಲೆ ಒತ್ತಿದರೆ ನಿಮ್ಮ ಬಲವೆಲ್ಲ ಹಗ್ಗಕ್ಕೆ ಹೋಗುತ್ತದೆ, ಕಾಲು ಕೆಳಕ್ಕೆ ಜಗ್ಗುತ್ತದೆ, ರಕ್ತ ಹರಿಯುತ್ತಲೇ ಇರುತ್ತದೆ. ಗಾಯದ ಹಿಂಬದಿಗೆ ನೆಲದ ಆಸರೆ ಬೇಕು.

ಕೈಗೆ ಸಿಕ್ಕ ಸ್ವಚ್ಛ ಬಟ್ಟೆಯನ್ನು ನಾಲ್ಕಾರು ಪದರಾಗಿ ಮಡಚಿ. ತೊಳೆದ ಧೋತರ, ಟವೆಲ್, ಹತ್ತಿಯ ಸೀರೆಯ ತುಂಡು ಯಾವುದಾದರೂ ಆದೀತು. ಸ್ವಚ್ಛವಾದದ್ದು ಇಲ್ಲವೇ ಇಲ್ಲ ಎಂದರೆ ಇದ್ದದ್ದನ್ನೇ ಬಳಸಿ, ನಂಜಿಗೆ ಆಸ್ಪತ್ರೆಯಲ್ಲಿ ಔಷಧವಿದೆ. ಬಟ್ಟೆಯನ್ನು ಸುಮ್ಮನೆ ಗಾಯದ ಮೇಲೆ ಹರಡಬೇಡಿ, ರಕ್ತ ಹೊರಡುವ ಜಾಗ ಹುಡುಕಿ ಅಲ್ಲಿಗೇ ಇಡಿ. ಪಕ್ಕದಲ್ಲಿ ಮಂಡಿಯೂರಿ ಕುಳಿತು ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಚದೆ, ಹೆಗಲಿನಿಂದ ಕೆಳಕ್ಕೆ ಮೈಯ ಭಾರವನ್ನೇ ಹಾಕಿ. ರೊಟ್ಟಿಯ ಹಿಟ್ಟು ನಾದುವಾಗ ಹಾಕುವ ಬಲವಿದೆಯಲ್ಲ, ಅದಕ್ಕಿಂತ ಹೆಚ್ಚು. ನಾದುವಾಗ ಕೈ ಎತ್ತಿ ಎತ್ತಿ ಹಾಕುತ್ತೇವೆ, ಇಲ್ಲಿ ಎತ್ತುವಂತಿಲ್ಲ. ಗಾಯಾಳು ನೋವಿನಿಂದ ಕಿರುಚುತ್ತಾನೆ. ನಿಮ್ಮ ಕೈ ತಾನಾಗಿ ಸಡಿಲವಾಗುತ್ತದೆ. ಸಡಿಲಿಸಬೇಡಿ.

ಕನಿಷ್ಠ 10 ನಿಮಿಷ ಗಡಿಯಾರ ನೋಡಿ ಒತ್ತಿ. ನಿಂತಿತೇ ಎಂದು ಮೂರು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಹಾಲು ಹೆಪ್ಪಾಗುವಾಗ ಪಾತ್ರೆ ಅಲ್ಲಾಡಿಸಿದರೆ ಮೊಸರು ಒಡೆಯುವಂತೆ ಇಲ್ಲೂ ಆಗತಾನೆ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆ ಇನ್ನೊಂದಿಟ್ಟು ಇನ್ನೂ ಜೋರಾಗಿ ಒತ್ತಿ. ಅದೂ ತೊಯ್ದರೆ ನಿಮ್ಮ ಕೈ ಸರಿಯಾದ ಜಾಗದಲ್ಲಿಲ್ಲ ಎಂದು ಅರ್ಥ. ಆಗ ಒಮ್ಮೆ ಎಲ್ಲ ತೆಗೆದು, ರಕ್ತ ಎಲ್ಲಿಂದ ಬರುತ್ತಿದೆ ಎಂದು ನೋಡಿ, ಹೊಸ ಬಟ್ಟೆಯಿಂದ ಅಲ್ಲಿಗೇ ಒತ್ತಿ. ಗುಡ್ಡೆ ಮಾಡುತ್ತ ಹೋಗಬೇಡಿ. ಬಟ್ಟೆಯ ಗುಡ್ಡೆ ನಿಮ್ಮ ಬಲವನ್ನೂ ನುಂಗುತ್ತದೆ, ರಕ್ತವನ್ನೂ ಕಣ್ಣಿಗೆ ಕಾಣದಂತೆ ಮಾಡುತ್ತದೆ.

ಗಾಯದಲ್ಲಿ ಕಬ್ಬಿಣದ ಸರಳು, ಗಾಜು, ಕಟ್ಟಿಗೆ ನೆಟ್ಟಿದ್ದರೆ ಕೀಳಬೇಡಿ. ರಕ್ತನಾಳಕ್ಕೆ ಅದೇ ಬಿರಡೆಯಾಗಿರಬಹುದು. ಅದರ ಎರಡೂ ಬದಿಗೆ ಒತ್ತಿ, ಅಲುಗದಂತೆ ಬಟ್ಟೆಯ ಸುರುಳಿಗಳನ್ನು ಅಕ್ಕಪಕ್ಕ ಇಟ್ಟು ಕಟ್ಟಿ.

ಆಳದ ಗಾಯಕ್ಕೆ ಬಟ್ಟೆ ತುಂಬುವುದು

ದೀಪಾವಳಿಯ ಆಸುಪಾಸಿನಲ್ಲಿ ಹಾವೇರಿ ಸೀಮೆಯ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ ಹೊತ್ತ ಹೋರಿ ಜನರ ನಡುವೆ ನುಗ್ಗುವಾಗ ಕೊಂಬು ತಾಗುವುದು ಹೆಚ್ಚಾಗಿ ತೊಡೆಗೆ, ತೊಡೆಸಂದಿಗೆ. ಹೊರಗೆ ಎರಡು ಬೆರಳಗಲದ ತೂತು, ಒಳಗೆ ಗೇಣುದ್ದದ ಗಾಯ. ಮೇಲಿನಿಂದ ಎಷ್ಟು ಒತ್ತಿದರೂ ಆಳದಲ್ಲಿ ಹರಿದ ನಾಳಕ್ಕೆ ಭಾರ ತಲುಪುವುದಿಲ್ಲ. ತೊಡೆಸಂದಿಗೆ, ಕಂಕುಳಿಗೆ ಪಟ್ಟಿ ಬಿಗಿಯಲೂ ಜಾಗವಿಲ್ಲ.

ಇಂಥ ಗಾಯದೊಳಗೆ ಬಟ್ಟೆ ತುಂಬಬೇಕು. ತೆಳುವಾದ ಉದ್ದನೆಯ ಹತ್ತಿ ಬಟ್ಟೆಯ ಪಟ್ಟಿಯನ್ನೋ ಗಾಜ್ ಬಟ್ಟೆಯನ್ನೋ ತೆಗೆದುಕೊಂಡು, ಅದರ ತುದಿಯನ್ನು ಬೆರಳಿನಿಂದ ರಕ್ತ ಬರುವ ದಿಕ್ಕಿಗೆ, ಗಾಯದ ತಳದವರೆಗೆ ತಳ್ಳಿ. ಬೆರಳು ತೆಗೆಯುವ ಮೊದಲು ಇನ್ನೊಂದು ಕೈಯ ಬೆರಳಿನಿಂದ ಮುಂದಿನ ಮಡಿಕೆ ತಳ್ಳಿ. ಹೀಗೆ ಒಳಗೆ ಜಾಗವಿಲ್ಲದಷ್ಟು ಬಿಗಿಯಾಗಿ ತುಂಬಿ, ಮೇಲೆ ಇನ್ನೊಂದು ಮಡಿಕೆಯಿಟ್ಟು ಎರಡೂ ಕೈಯಿಂದ ಒತ್ತಿ. ಬಿಡಿಬಿಡಿ ತುಂಡುಗಳನ್ನು ತುರುಕಬೇಡಿ, ಒಂದು ಒಳಗೇ ಉಳಿದುಬಿಟ್ಟೀತು. ಕೈಕಾಲು, ತೊಡೆಸಂದಿ, ಕಂಕುಳು, ಹೆಗಲಿನ ಗಾಯಕ್ಕೆ ಮಾತ್ರ ಈ ಕ್ರಮ. ಎದೆಗೆ, ಹೊಟ್ಟೆಗೆ ಎಂದಿಗೂ ಬೇಡ.

ಒಂದು ವರ್ಷ ಹೋರಿ ಹಬ್ಬದ ಮಧ್ಯಾಹ್ನ ಹದಿನೇಳರ ಹುಡುಗನನ್ನು ಜೀಪಿನಲ್ಲಿ ತಂದರು. ಅವನ ಸೋದರತ್ತೆ ಹಿಂದಿನ ಸೀಟಿನ ಕೆಳಗೆ ಮಂಡಿಯೂರಿ, ಅವನ ತೊಡೆಸಂದಿಯೊಳಗೆ ತನ್ನ ಸೆರಗಿನ ತುದಿ ತುರುಕಿ, ಅದರ ಮೇಲೆ ಮುಷ್ಟಿಯಿಟ್ಟು ಕುಳಿತಿದ್ದಳು. ಸೆರಗು ಗಾಯದಲ್ಲೇ ಇದ್ದುದರಿಂದ ಅವಳನ್ನೂ ಅವನ ಜೊತೆಯಲ್ಲೇ ಒಳಗೆ ಕರೆದೊಯ್ಯಬೇಕಾಯಿತು. ಸ್ಟ್ರೆಚರಿನ ಪಕ್ಕದಲ್ಲಿ ಬಗ್ಗಿಕೊಂಡೇ ನಡೆದಳು. "ಸಿಸ್ಟರ್, ಈಗ ಕೈ ತೆಗೆಯಲೇ?" ಎಂದು ಮೂರು ಸಲ ಕೇಳಿದಳು, ಶಸ್ತ್ರಚಿಕಿತ್ಸಕರು ಬಂದು ಹೇಳುವವರೆಗೂ ತೆಗೆಯಲಿಲ್ಲ. ತೆಗೆಯಲು ಹೇಳಿದಾಗ ಅವಳ ಬೆರಳುಗಳು ಸೆಟೆದುಹೋಗಿದ್ದವು. ಒಂದೊಂದನ್ನೇ ನಾನು ಬಿಡಿಸಿದೆ. ಆ ಹುಡುಗ ಬದುಕಿದ.

ಬಿಗಿಪಟ್ಟಿ ಕಟ್ಟುವುದು

ಒತ್ತಿದರೂ ನಿಲ್ಲದ ರಕ್ತಕ್ಕೆ, ಕೈಯೋ ಕಾಲೋ ತುಂಡಾದಾಗ, ಒಂದಕ್ಕಿಂತ ಹೆಚ್ಚು ಗಾಯಾಳುಗಳಿದ್ದು ಒಬ್ಬರ ಬಳಿಯೇ ಕೂರಲಾಗದಾಗ ಬಿಗಿಪಟ್ಟಿ ಬೇಕಾಗುತ್ತದೆ. ಆಸ್ಪತ್ರೆಯವರು ಟೂರ್ನಿಕೆಟ್ ಎನ್ನುವುದು ಇದನ್ನೇ. ಇದನ್ನು ಕಟ್ಟಿದರೆ ಕಾಲು ಹೋಗುತ್ತದೆ ಎಂಬ ಭಯ ಹಳೆಯದು, ಪ್ರಥಮ ಚಿಕಿತ್ಸೆಯ ತರಗತಿಗಳಲ್ಲಿ ನಮಗೂ ಹಾಗೆಯೇ ಹೇಳಿಕೊಡುತ್ತಿದ್ದರು. ಆ ತಿಳಿವಳಿಕೆ ಈಗ ಬದಲಾಗಿದೆ. ಎರಡು ಗಂಟೆಯವರೆಗೆ ಕಟ್ಟಿದ್ದರಿಂದ ಅಂಗ ಹೋಗುವುದು ತೀರ ಅಪರೂಪ. ಗದಗಿನಿಂದ ಹುಬ್ಬಳ್ಳಿಗೆ 60 ಕಿಲೋಮೀಟರಿನಷ್ಟು ದಾರಿ, ಹಾವೇರಿಯಿಂದ 70ಕ್ಕೂ ಹೆಚ್ಚು. ಎರಡೂ ಕಡೆಯಿಂದ ಆ ಅವಧಿಯೊಳಗೆ ದೊಡ್ಡಾಸ್ಪತ್ರೆ ಸೇರಬಹುದು.

ಪಟ್ಟಿ ಕನಿಷ್ಠ 4-5 ಸೆಂ.ಮೀ. ಅಗಲವಿರಲಿ. ರುಮಾಲನ್ನು ಉದ್ದಕ್ಕೆ ಮಡಚಿದರೆ ಚೆನ್ನಾಗಿ ಆಗುತ್ತದೆ. ತಂತಿ, ಸುತಳಿ, ಬೂಟಿನ ಲೇಸು, ದನದ ಹಗ್ಗ ಬೇಡ. ಅವು ಮಾಂಸವನ್ನು ಕೊರೆಯುತ್ತವೆ, ರಕ್ತ ನಿಲ್ಲಿಸುವುದಿಲ್ಲ. ಗಾಯದಿಂದ ನಾಲ್ಕು ಬೆರಳು ಮೇಲೆ, ಅಂದರೆ ದೇಹದ ಕಡೆಗೆ, ಕಟ್ಟಬೇಕು. ಮೊಣಕಾಲು, ಮೊಣಕೈ ಕೀಲಿನ ಮೇಲೆ ಬೇಡ. ಅಲ್ಲಿಗೆ ಬರುವಂತಿದ್ದರೆ ಕೀಲಿನ ಮೇಲ್ಭಾಗಕ್ಕೆ ಸರಿಸಿ. ಕತ್ತಲಲ್ಲಿ ಗಾಯ ಎಲ್ಲಿದೆ ಎಂದೇ ತಿಳಿಯದಿದ್ದರೆ ತೊಡೆಯ ಅಥವಾ ತೋಳಿನ ಬುಡದಲ್ಲಿ ಕಟ್ಟಿ. ಪಟ್ಟಿಯ ಕೆಳಗೆ ಬರುವ ಕಿಸೆಯಲ್ಲಿ ಮೊಬೈಲ್, ಕೀಲಿ, ಎಲೆ-ಅಡಿಕೆಯ ಚೀಲ ಇದ್ದರೆ ತೆಗೆದುಬಿಡಿ.

ಪಟ್ಟಿಯನ್ನು ಎರಡು ಸುತ್ತು ಸುತ್ತಿ ಒಂದು ಅರ್ಧ ಗಂಟು ಹಾಕಿ. ಗಂಟಿನ ಮೇಲೆ ಗಟ್ಟಿಯಾದ ಕೋಲೊಂದನ್ನಿಟ್ಟು, ಅದರ ಮೇಲೆ ಪೂರ್ತಿ ಗಂಟು ಹಾಕಿ. ಈಗ ಕೋಲನ್ನು ತಿರುವಿ. ಪೆನ್ನು, ಪೆನ್ಸಿಲ್ ಮುರಿಯುತ್ತವೆ. ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿರುವ ಪಾನಾ, ಸ್ಟೀಲಿನ ಸೌಟಿನ ಹಿಡಿ, ಲಟ್ಟಣಿಗೆ ಒಳ್ಳೆಯದು. ಪ್ರತಿ ತಿರುವಿಗೂ ಪಟ್ಟಿ ಬಿಗಿಯಾಗುತ್ತದೆ, ರಕ್ತ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವವರೆಗೆ ತಿರುವಿ, ಆಮೇಲೆ ಕೋಲಿನ ತುದಿಯನ್ನು ಇನ್ನೊಂದು ಬಟ್ಟೆಯಿಂದ ಕಾಲಿಗೆ ಕಟ್ಟಿ, ಇಲ್ಲವಾದರೆ ಅದು ಮರಳಿ ತಿರುಗಿಬಿಡುತ್ತದೆ. ಇದೆಲ್ಲ ಮುಗಿಯುವವರೆಗೆ ಇನ್ನೊಬ್ಬರು ಗಾಯವನ್ನು ಒತ್ತಿಯೇ ಇರಬೇಕು. ಮನೆಯ ಬಟ್ಟೆಯ ಪಟ್ಟಿ ಕೆಲವೊಮ್ಮೆ ಸೋಲುತ್ತದೆ, ಕೈ ಸೋಲುವುದು ಕಡಿಮೆ.

ಅರೆಬಿಗಿ ಅಪಾಯಕಾರಿ. ಹೃದಯಕ್ಕೆ ಮರಳುವ ನಾಳಗಳಲ್ಲಿ ಒತ್ತಡ ಕಡಿಮೆ, ಅವು ಬೇಗ ಮುಚ್ಚುತ್ತವೆ, ಹೃದಯದಿಂದ ಬರುವ ನಾಳದಲ್ಲಿ ಒತ್ತಡ ಹೆಚ್ಚು, ಅದು ತೆರೆದೇ ಇರುತ್ತದೆ. ರಕ್ತ ಬರುತ್ತಲೇ ಇದ್ದು ಮರಳುವ ದಾರಿಯಿಲ್ಲದೆ ಗಾಯದಿಂದ ಮೊದಲಿಗಿಂತ ಜೋರಾಗಿ ಹರಿಯುತ್ತದೆ. ಒಂದು ಪಟ್ಟಿಗೆ ನಿಲ್ಲದಿದ್ದರೆ ಅದರ ಮೇಲ್ಬದಿಗೆ ಇನ್ನೊಂದು ಕಟ್ಟಿ. ಸರಿಯಾಗಿ ಕಟ್ಟಿದ ಪಟ್ಟಿ ವಿಪರೀತ ನೋಯುತ್ತದೆ. "ಸ್ವಲ್ಪ ಸಡಿಲಿಸು ಅಣ್ಣಾ" ಎಂದು ಗಾಯಾಳು ಗೋಗರೆಯುತ್ತಾನೆ. ಕಿವಿಗೆ ಹಾಕಿಕೊಳ್ಳಬೇಡಿ. ಹದಿನೈದು ನಿಮಿಷಕ್ಕೊಮ್ಮೆ ಸಡಿಲಿಸಬೇಕೆಂದು ಹಿಂದೆ ಕಲಿತವರು ಅದನ್ನು ಮರೆತುಬಿಡಿ. ಬಿಚ್ಚುವುದು ವೈದ್ಯರ ಕೆಲಸ.

ಕಟ್ಟಿದ ಸಮಯವನ್ನು ಬರೆಯಿರಿ. ಚೀಟಿ ಕಳೆದುಹೋಗುತ್ತದೆ, ಹಣೆಯ ಮೇಲೋ ಕೈಯ ಮೇಲೋ ಬಾಲ್‌ಪೆನ್ನಿನಿಂದ ಬರೆಯಿರಿ. ಪಟ್ಟಿಯ ಮೇಲೆ ಕೌದಿ ಹೊದಿಸಿ ಮುಚ್ಚಬೇಡಿ, ನೋಡಿದವರಿಗೆ ಅದು ಕಾಣುತ್ತಿರಬೇಕು.

ಹಾವು ಕಡಿದಾಗ ಮಾತ್ರ ಈ ಪಟ್ಟಿ ಕಟ್ಟಲೇಬೇಡಿ. ಅಲ್ಲಿ ಬಿಗಿದು ಕಟ್ಟುವುದರಿಂದ ಕೆಡುಕೇ ಹೆಚ್ಚು. ಕಡಿಸಿಕೊಂಡ ಕೈಕಾಲು ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಸಾಗಿಸಿ.

ಬೆರಳೋ ಕೈಯೋ ತುಂಡಾಗಿ ಬಿದ್ದಿದ್ದರೆ

ಮೊದಲು ಮನುಷ್ಯನ ರಕ್ತ ನಿಲ್ಲಿಸಿ, ತುಂಡನ್ನು ಇನ್ನೊಬ್ಬರು ಹುಡುಕಲಿ. ಅದನ್ನು ಉಜ್ಜಿ ತೊಳೆಯಬೇಡಿ. ಸ್ವಚ್ಛ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸ್ ಮತ್ತು ನೀರು ಬೆರೆತ ಇನ್ನೊಂದು ಚೀಲದಲ್ಲಿಡಿ. ಐಸ್ ನೇರವಾಗಿ ಮಾಂಸಕ್ಕೆ ತಾಗಿದರೆ ಅದು ಸುಟ್ಟಂತೆ ಸಾಯುತ್ತದೆ, ಮತ್ತೆ ಜೋಡಿಸಲಾಗದು. ತೋಳು, ಕಾಲಿನಂಥ ಸ್ನಾಯು ತುಂಬಿದ ಭಾಗಕ್ಕೆ ಸಿಗುವುದು ಸುಮಾರು ಆರು ಗಂಟೆ.

ಹಚ್ಚಬೇಡಿ, ಕುಡಿಸಬೇಡಿ, ಬೆಚ್ಚಗಿಡಿ

ಅರಿಶಿನ, ಕಾಫಿಪುಡಿ, ಸುಣ್ಣ, ತಂಬಾಕು, ಬೂದಿ, ಡೀಸೆಲ್ ಇವೆಲ್ಲವನ್ನೂ ನಾನು ಗಾಯಗಳಿಂದ ತೊಳೆದು ತೆಗೆದಿದ್ದೇನೆ. ಒಂದೂ ದೊಡ್ಡ ನಾಳದ ರಕ್ತ ನಿಲ್ಲಿಸಿರಲಿಲ್ಲ. ಅವನ್ನು ತರಲು ಒಬ್ಬರು ಮನೆಗೆ ಓಡುವ ಹೊತ್ತಿನಲ್ಲಿ ಒತ್ತುವ ಕೈ ಒಂದು ಕಡಿಮೆಯಾಗುತ್ತದೆ.

ಗಾಯಾಳು "ನೀರು, ನೀರು" ಎನ್ನುತ್ತಾನೆ. ರಕ್ತ ಹೋದಾಗ ದಾಹ ಹೆಚ್ಚುತ್ತದೆ, ಅದು ಅಪಾಯದ ಗುರುತು. ಕೊಡದೆ ಇರುವುದು ನಮ್ಮ ಜನಕ್ಕೆ ಕಠಿಣ, ನನಗೆ ಗೊತ್ತು. ಆದರೆ ತುಸು ಹೊತ್ತಿನಲ್ಲಿ ಅವನಿಗೆ ಅರಿವಳಿಕೆ ಕೊಡಬೇಕಾಗುತ್ತದೆ, ಆಗ ವಾಂತಿಯಾಗಿ ಶ್ವಾಸಕೋಶಕ್ಕೆ ಸೇರಿದರೆ ಉಳಿದ ಜೀವವೂ ಹೋದೀತು. ಒದ್ದೆ ಬಟ್ಟೆಯಿಂದ ತುಟಿ ಒರೆಸಿ, ಸಾಕು.

ಮುಖ ಬಿಳಿಚಿಕೊಂಡು, ತಣ್ಣನೆಯ ಬೆವರು ಬಂದು, ಉಸಿರು ವೇಗವಾಗಿ, ಮಾತು ತೊದಲತೊಡಗಿದರೆ ಒಳಗೆ ರಕ್ತ ಸಾಲದಾಗಿದೆ. ಎಬ್ಬಿಸಿ ಕೂರಿಸಬೇಡಿ, ಅಂಗಾತ ಮಲಗಿರಲಿ. ಒದ್ದೆ ಬಟ್ಟೆ ತೆಗೆದು, ಮೈಕೆಳಗೊಂದು, ಮೇಲೊಂದು ಕೌದಿ ಹಾಕಿ. ಏಪ್ರಿಲ್ ಬಿಸಿಲಿನಲ್ಲೂ ಹಾಕಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ.

ಸಾಗಿಸುವಾಗ

108 ಬರುವುದು ತಡವೆಂದು ಖಚಿತವಾದರೆ ಇದ್ದ ವಾಹನದಲ್ಲಿ ಹೊರಡಿ, ಒತ್ತುವವರು ಗಾಯಾಳುವಿನ ಪಕ್ಕದಲ್ಲೇ ಇರಲಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗಬೇಡಿ, ಹಾಗೆ ಕುಳಿತು ಯಾರೂ ಒತ್ತಲಾರರು, ಗಾಯಾಳುವಿಗೆ ಮಲಗಲೂ ಆಗದು. ದಾರಿಯಲ್ಲಿ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದರೆ ಶಸ್ತ್ರಚಿಕಿತ್ಸಕರೂ ರಕ್ತವೂ ಸಿದ್ಧವಿರುತ್ತಾರೆ. ದೊಡ್ಡ ನಾಳ ಹರಿದಿದ್ದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್)‌ನಂಥ ದೊಡ್ಡಾಸ್ಪತ್ರೆಯೇ ಬೇಕಾಗಬಹುದು. ರಕ್ತ ನಿಂತಿಲ್ಲದಿದ್ದರೆ ಮಾತ್ರ ಮೊದಲು ಸಿಗುವ ಆಸ್ಪತ್ರೆಯಲ್ಲಿ ನಿಲ್ಲಿಸಿ.

ರಸ್ತೆ ಅಪಘಾತದ ಗಾಯಾಳುವನ್ನು ಮುಟ್ಟಿದರೆ ಪೊಲೀಸರ ಕಾಟವೆಂದು ಹಿಂಜರಿಯಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕೆಂದು ನಿಮ್ಮನ್ನು ಒತ್ತಾಯಿಸುವಂತಿಲ್ಲ. ಪೊಲೀಸ್ ವಿಧಿಗಳು ಮುಗಿಯಲಿ ಎಂದು ಆಸ್ಪತ್ರೆ ಚಿಕಿತ್ಸೆ ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ವೈದ್ಯರಿಗೆ ಇಷ್ಟು ತಿಳಿಸಿ: ಯಾವುದರಿಂದ ಗಾಯವಾಯಿತು, ಎಷ್ಟು ಹೊತ್ತಿಗೆ, ಪಟ್ಟಿ ಕಟ್ಟಿದ ಸಮಯ, ಗಾಯದೊಳಗೆ ಎಷ್ಟು ಬಟ್ಟೆ ತುಂಬಿದ್ದೀರಿ, ಸಕ್ಕರೆ ಕಾಯಿಲೆ ಇದೆಯೇ. ಹೃದಯದ ತೊಂದರೆಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಹೊರಡುವ ಮುನ್ನ ಮನೆಯವರಿಂದ ಚೀಟಿಯ ಫೋಟೊ ತರಿಸಿಕೊಳ್ಳಿ.

ರಾಶಿ ಶುರುವಾಗುವ ಮೊದಲು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಇಡಿ: ತೊಳೆದು ಒಣಗಿಸಿದ ಎರಡು ಹತ್ತಿ ಟವೆಲ್, ಔಷಧದ ಅಂಗಡಿಯ ಗಾಜ್ ಸುರುಳಿ ಎರಡು, ಐದು ಸೆಂ.ಮೀ. ಅಗಲಕ್ಕೆ ಹೊಲಿಸಿದ ಒಂದೂವರೆ ಮೀಟರ್ ಉದ್ದದ ದಪ್ಪ ಬಟ್ಟೆಯ ಪಟ್ಟಿ, ಗೇಣುದ್ದದ ಗಟ್ಟಿ ಕೋಲು, ಕತ್ತರಿ, ಕೈಗವಸು, ಒಂದು ಬಾಲ್‌ಪೆನ್ನು. ಪಟ್ಟಿಯನ್ನು ಒಮ್ಮೆ ನಿಮ್ಮದೇ ತೊಡೆಗೆ ಸುತ್ತಿ, ಒಂದೆರಡು ತಿರುವು ಹಾಕಿ, ಕೂಡಲೇ ಬಿಚ್ಚಿ, ಮಡಚಿ ಒಳಗಿಡಿ. ಡಬ್ಬಿ ಎಲ್ಲಿದೆ ಎಂದು ರಾಶಿಗೆ ಬಂದ ಎಲ್ಲರಿಗೂ, ಬುತ್ತಿ ತರುವ ಮಕ್ಕಳಿಗೂ ತೋರಿಸಿ.